ಅತ್ತೆಯ ಇಪ್ಪತ್ತು ನಿಮಿಷ

ನಮ್ಮ ಸೋದರತ್ತೆಗೂ ಎಲ್ಲರಂತೆ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಳಿವೆ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಡಿಸೆಂಬರ್ ಬಂತೆಂದರೆ ಆಕೆಗಿರುವುದು ದಿನಕ್ಕೆ ಇಪ್ಪತ್ತೇ ನಿಮಿಷ! ಉಳಿದ ಹೊತ್ತೆಲ್ಲ ಆ ಇಪ್ಪತ್ತು ನಿಮಿಷಕ್ಕೆ ತಯಾರಾಗುವುದರಲ್ಲಿ, ಇಲ್ಲವೇ ಅದನ್ನು ಹಾಳುಮಾಡಿದವರನ್ನು ಬೈಯುವುದರಲ್ಲಿ ಕಳೆದುಹೋಗುತ್ತದೆ. ಬೈಸಿಕೊಂಡವರ ಪಟ್ಟಿಯಲ್ಲಿ ನನ್ನ ಹೆಸರು ಬಹಳ ಮೇಲಿದೆ. ಯಾಕೆಂದರೆ ಆಕೆಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಓಡಿಸುವವಳು ನಾನು.

ಅತ್ತೆಯ ಹುಚ್ಚು ಇಷ್ಟೇ. ಕ್ರಿಸ್‌ಮಸ್ ಸಮಯದಲ್ಲಿ ಜನ ಮನೆಗೆ ಹಾಕುವ ದೀಪಗಳ ಫೋಟೋ ತೆಗೆಯಬೇಕು. ಅದೂ ಹೊತ್ತು ಮುಳುಗಿದ ಮೇಲೆ, ಕತ್ತಲಾಗುವ ಮೊದಲು. “ಬೆಳಕಿದ್ರ ಲೈಟ್ ಕಾಣಂಗಿಲ್ಲ. ಕತ್ತಲಾದ್ರ ಮನಿ ಕಾಣಂಗಿಲ್ಲ. ನಡುವ ಇಪ್ಪತ್ತ ಮಿನಿಟ್ ಎರಡೂ ಕಾಣ್ತಾವ. ಆ ಹೊತ್ತಿನಾಗ ನೀ ಪೆಟ್ರೋಲ್ ಹಾಕಸಾಕ ನಿಂತ್ರ ನಾ ಏನ್ ಮಾಡ್ಲಿ?” ಎಂದು ಆಕೆ ನನ್ನ ಬೆನ್ನಿಗೆ ಗುದ್ದುತ್ತಾಳೆ. ಅರವತ್ತೆರಡರ ಹೆಂಗಸಿನ ಗುದ್ದು ಅಂದರೆ ಹಗುರ ಅಂದುಕೊಳ್ಳಬೇಡಿ. ಆಕೆ ನಾಗಣಸೂರಿನ ಒಕ್ಕಲು ಮನೆಯಲ್ಲಿ ಜೋಳದ ಸೂಡು ಕಟ್ಟಿ ಬೆಳೆದವಳು!

ಮೈಮೇಲೆ ಇಳಕಲ್ ಸೀರೆ, ಕಾಲಲ್ಲಿ ಬಿಳಿ ಬೂಟು, ಹೆಗಲಿಗೆ ಕ್ಯಾಮೆರಾ ಚೀಲ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು. ಸೋಲಾಪುರದ ಟ್ರಾಫಿಕ್ಕಿನಲ್ಲಿ ಆ ಸ್ಟ್ಯಾಂಡಿನ ಕಾಲು ಎಷ್ಟು ಜನರ ಹೆಲ್ಮೆಟ್ ತಟ್ಟಿದೆಯೋ ಲೆಕ್ಕವಿಟ್ಟವರಿಲ್ಲ.

ದೀಪವೆಂದರೆ ದೀಪಾವಳಿ ಇಲ್ಲವೇ ಎಂದು ನೀವು ಕೇಳಬಹುದು. ನಮ್ಮ ಬಳಗದವರೂ ಕೇಳಿದರು. ಕೇಳುವಾಗ ದನಿ ತಗ್ಗಿಸಿ, “ಏನವಾ, ಧರ್ಮಾ ಏನರ ಬದಲಿ ಮಾಡೀಯೇನು?” ಎಂದೂ ಸೇರಿಸಿದರು. ಸೋಮವಾರದ ಉಪವಾಸ ಒಂದನ್ನೂ ಬಿಡದ ಅತ್ತೆ ಕೊಟ್ಟ ಉತ್ತರ ಮಾತ್ರ ಲಾಜವಾಬು. “ದೀಪಾವಳಿ ದಿನ ಸಂಜೀಕ ನನ್ನ ಮನ್ಯಾಗ ಲಕ್ಷ್ಮೀ ಪೂಜಿ ಇರ್ತದ. ನಾ ಕ್ಯಾಮೆರಾ ಹಿಡಕೊಂಡು ಹೋದ್ರ ಪೂಜಿಗಿ ಬಂದವರಿಗಿ ತಿನ್ನಾಕ ಫರಾಳಾ ಕೊಡೋರು ಯಾರು, ನಿಮ್ಮ ಮಾಮಾನ? ಲೈಟಿಂಗ್ ಇರೋ ಹಬ್ಬದಾಗ ನನಗ ಕೆಲಸ ಇರಲಾರದ್ದು ಅಂದ್ರ ಇದೊಂದೇ ನೋಡು!”

ಇನ್ನು ಆ ಕ್ಯಾಮೆರಾದ ಕತೆ. ಮಾವನದು ಚಾದರು, ಟವೆಲ್ಲುಗಳ ಅಂಗಡಿ. ಹೊರಊರಿನ ವ್ಯಾಪಾರಿಗಳಿಗೆ ಚಾದರಿನ ಡಿಸೈನು ತೋರಿಸಲು ಒಂದು ಪುಸ್ತಕ ಮಾಡಿಸಬೇಕೆಂದು ಅವರೇ ಒಳ್ಳೆಯ ಕ್ಯಾಮೆರಾ ತಂದರು. ಫೋಟೋ ತೆಗೆಯುವ ಕೆಲಸವನ್ನು ಅತ್ತೆಗೆ ಒಪ್ಪಿಸಿದರು. ಅದು ಅವರ ಜೀವನದ ದೊಡ್ಡ ತಪ್ಪು. ಅತ್ತೆ ನಾಲ್ಕು ದಿನ ಚಾದರಿನ ಫೋಟೋ ತೆಗೆದಳು. ಐದನೆಯ ದಿನ ಸಂಜೆ ಅಂಗಡಿಯಿಂದ ಮನೆಗೆ ಬರುವಾಗ ಆಕೆಯ ರಿಕ್ಷಾ ಗದ್ದಲದಲ್ಲಿ ಸಿಕ್ಕಿಕೊಂಡಿತು. ಎದುರಿಗೆ ಕ್ರಿಸ್‌ಮಸ್ಸಿಗೆ ಸಿಂಗರಿಸಿದ ಒಂದು ಸಣ್ಣ ಮನೆ. ಅದರ ಮಾಳಿಗೆಯಿಂದ ಅಂಗಳದವರೆಗೆ ನೀಲಿ ದೀಪಗಳು ಇಳಿಬಿದ್ದಿದ್ದವು, ಹಿಂದೆ ಆಕಾಶವೂ ಅದೇ ನೀಲಿ. ಅತ್ತೆ ಕ್ಯಾಮೆರಾ ಹಿಡಿದು ರಿಕ್ಷಾದಿಂದ ಇಳಿದುಬಿಟ್ಟಳು. ರಿಕ್ಷಾದಲ್ಲಿದ್ದ ತೊಗರಿ ಬೇಳೆಯ ಚೀಲ ಮುಂದೆ ಹೋಯಿತು.

ಫೋಟೋಗಳೆಲ್ಲ ಒಂದೇ ಕ್ಯಾಮೆರಾದಲ್ಲಿದ್ದವು. ಪ್ರೆಸ್ಸಿನವನು ಎಲ್ಲವನ್ನೂ ಸೇರಿಸಿ ಪುಸ್ತಕ ಮಾಡಿದ. ಅದು ಊರೂರಿಗೆ ಹೋಯಿತು. ವಾರದ ಮೇಲೆ ನಾಂದೇಡದ ವ್ಯಾಪಾರಿಯೊಬ್ಬ ಮಾವನಿಗೆ ಫೋನ್ ಮಾಡಿದ. “ಎಲ್ಲಾ ಡಿಸೈನೂ ಹಳೇವೇ. ಆದರೆ ಹನ್ನೆರಡನೇ ಪುಟದಲ್ಲಿ ಚುಕ್ಕಿ, ಬಾಗಿಲು, ಕಿಟಕಿ ಇರುವ ನೀಲಿ ಚಾದರು ಇದೆಯಲ್ಲ, ಅದು ಭಾರಿ ಇದೆ. ಹತ್ತು ಡಜನ್ ಕಳಿಸಿ!” ಎಂದ. ಮಾವ ಪುಟ ತೆರೆದು ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿ, ಅಂದಿನಿಂದ ಕ್ಯಾಮೆರಾದ ಆಸೆ ಬಿಟ್ಟರು.

ನನ್ನ ತಮ್ಮನ ಮದುವೆ ಅಕ್ಕಲಕೋಟೆಯಲ್ಲಾಯಿತು. ಡಿಸೆಂಬರಿನ ಮೊದಲ ವಾರ, ಸಂಜೆಯ ಗೋರಜ ಮುಹೂರ್ತ. ಅಂದರೆ ಏನೆಂದುಕೊಂಡಿರಿ? ಸರಿಯಾಗಿ ಅತ್ತೆಯ ಇಪ್ಪತ್ತು ನಿಮಿಷವೇ! ಸೋದರತ್ತೆ ದೀಪದ ತಟ್ಟೆ ಹಿಡಿದು ವರನ ಹಿಂದೆ ನಿಲ್ಲಬೇಕು. ನಿಂತಳು. ಆದರೆ ಕಲ್ಯಾಣ ಮಂಟಪದ ಕಿಟಕಿಯಿಂದ ನೋಡಿದರೆ ರಸ್ತೆಯಾಚೆ ಒಬ್ಬ ನರ್ಸಿನ ಮನೆ. ಆ ಪುಣ್ಯಾತ್ಗಿತ್ತಿ ಆಗಲೇ ಹಬ್ಬದ ದೀಪ ಹಾಕಿಸಿ, ಹತ್ತುತ್ತವೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಳು. ಮಂಗಲಾಷ್ಟಕ ಶುರುವಾಯಿತು. ಎಲ್ಲರೂ ಅಕ್ಷತೆ ಎರಚಿದೆವು. ಅಕ್ಷತೆ ಬಿದ್ದು ಮುಗಿದಾಗ ಅತ್ತೆ ಇರಲಿಲ್ಲ.

ತಟ್ಟೆ ಇತ್ತು. ಅದು ಐಸ್‌ಕ್ರೀಮ್ ಹಂಚಲು ಬಂದಿದ್ದ ದಪ್ಪ ಮೀಸೆಯ ಮನುಷ್ಯನ ಕೈಯಲ್ಲಿತ್ತು. “ಎರಡ ಮಿನಿಟ್ ಹಿಡೀರಿ ಅಂದ್ರು, ಹಿಡದೀನ್ರಿ,” ಎಂದು ಆತ ಬೆವರುತ್ತಿದ್ದ. ಮದುವೆಯ ಆಲ್ಬಮ್ಮಿನಲ್ಲಿ ಇಂದಿಗೂ ಸೋದರತ್ತೆಯ ಜಾಗದಲ್ಲಿ ಆತನೇ ದೀಪ ಹಿಡಿದು ಗಂಭೀರವಾಗಿ ನಿಂತಿದ್ದಾನೆ. ಹೊಸ ಮದುಮಗಳು ಯಾರೋ ದೊಡ್ಡವರಿರಬೇಕೆಂದು ಆತನ ಕಾಲಿಗೂ ಬಿದ್ದಳು. ಆತ ಆಶೀರ್ವಾದ ಮಾಡಿದ, ಪಾಪ!

ಅತ್ತೆಯ ಇನ್ನೊಂದು ಗುಣ ಹೇಳಲೇಬೇಕು. ಆಕೆಗೆ ಮುಖಸ್ತುತಿ ಬರುವುದಿಲ್ಲ. ಯಾರದೋ ಅಂಗಳಕ್ಕೆ ಹೋಗಿ, ಅವರ ದೀಪಗಳನ್ನು ನೋಡಿ, ಅವರೆದುರಿಗೇ ತೀರ್ಪು ಕೊಡುತ್ತಾಳೆ. “ನಿಮ್ಮ ಸಾಂತಾಕ್ಲಾಸ್ ಯಾಕ್ರಿ ಟೈಫಾಯ್ಡ್ ಬಂದೆದ್ದವರಂಗ ಕಾಣ್ತಾನ? ಒಳಗ ಜರಾ ಹತ್ತಿ ತುಂಬ್ರಿ.” ನಾನು ನಾಚಿಕೆಯಿಂದ ಸ್ಕೂಟರಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತ ನಿಲ್ಲುತ್ತೇನೆ. ಆಶ್ಚರ್ಯವೆಂದರೆ ಆ ಮನೆಯವರು ಒಳಗೆ ಹೋಗಿ ಹತ್ತಿಯನ್ನೇ ತರುತ್ತಾರೆ!

ಐದು ವರ್ಷದ ಹಿಂದೆ ನಾವು ಒಂದು ಹೊಸ ಓಣಿಗೆ ಹೋದೆವು. ಎರಡೂ ಬದಿಗೆ ದೀಪವೋ ದೀಪ. ಅತ್ತೆ ಓಣಿಯ ಬಾಯಲ್ಲಿ ಸ್ಟ್ಯಾಂಡು ನಿಲ್ಲಿಸಿ, ವಹಿ ತೆಗೆದು, ಯಾವ ಮನೆ ಮೊದಲು ಯಾವುದು ಆಮೇಲೆ ಎಂದು ಬರೆದುಕೊಳ್ಳತೊಡಗಿದಳು. ನಡುನಡುವೆ ಕತ್ತೆತ್ತಿ ವೈರುಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದೂ ನೋಡುತ್ತಿದ್ದಳು. ಯಾರೋ “ಮೀಟರ್ ಚೆಕ್ ಮಾಡೋ ಮೇಡಂ ಬಂದಾರ!” ಎಂದು ಕೂಗಿದರು. ತಪ್ಪು ಮಾಡಿರಲಿ ಬಿಡಲಿ, ಮೀಟರ್ ನೋಡುವವರು ಬಂದರೆಂದರೆ ಯಾರ ಎದೆ ಡವಗುಟ್ಟುವುದಿಲ್ಲ ಹೇಳಿ? ಪಟ್ ಪಟ್ ಪಟ್ ಎಂದು ಒಂದೊಂದೇ ಮನೆಯ ದೀಪಗಳು ಆರಿದವು. ಆಕಾಶ ಆಕೆಗೆ ಬೇಕಾದ ನೀಲಿಗೆ ಬಂದ ಗಳಿಗೆಯಲ್ಲೇ ಇಡೀ ಓಣಿ ಕಪ್ಪು!

ಮುಂದೆ ದೊಡ್ಡ ನಕ್ಷತ್ರವಿದ್ದ ಒಂದು ಮನೆ ಮಾತ್ರ ಝಗಝಗಿಸುತ್ತಿತ್ತು. ಅದರ ಗೇಟು ತೆರೆದು ಒಬ್ಬರು ಟಾರ್ಚ್ ಹಿಡಿದು ಬಂದರು. “ಬರ್ರಿ, ಮೀಟರ್ ನೋಡ್ರಿ. ನಂದೆಲ್ಲಾ ನೀಟ್ ಅದ. ನಾ ಯಾರಿಗೂ ಅಂಜಂಗಿಲ್ಲ,” ಎಂದರು.

“ಮೀಟರ್ ತಗೊಂಡು ನಾ ಏನ್ ಮಾಡ್ಲಿ? ಮೊದಲ ಆ ಬಾಗಲದ ಮ್ಯಾಲಿನ ಟ್ಯೂಬ್‌ಲೈಟ್ ಬಂದ್ ಮಾಡ್ರಿ. ಅದಕ್ಕ ನಿಮ್ಮ ಚುಕ್ಕಿ ಸತ್ತಹೋಗೇದ!” ಎಂದಳು ಅತ್ತೆ.

ಹೀಗೆ ಪರಿಚಯವಾದವರು ಮಿಸ್ತ್ರಿ. ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ವೆಲ್ಡರ್. ಮನೆಮಾತು ಮರಾಠಿ, ಆದರೆ ತಾಯಿ ಅಕ್ಕಲಕೋಟೆ ಕಡೆಯವರಾದ್ದರಿಂದ ಕನ್ನಡ ಬರುತ್ತಿತ್ತು. ಅತ್ತೆಯನ್ನು ಅತ್ತಿಗೆಯ ಸಲುಗೆಯಲ್ಲಿ ‘ವೈನಿ’ ಎನ್ನುತ್ತ ಜಗಳಾಡಲು ಅವರು ಕನ್ನಡವನ್ನೇ ಆರಿಸಿಕೊಂಡರು. ಬೇರೆಯವರು ಅಂಗಡಿಯಿಂದ ತಂದು ಹಾಕಿದರೆ ಮಿಸ್ತ್ರಿ ಹಳೆಯ ಸಲಾಕೆ, ಸೈಕಲ್ ರಿಮ್ಮು ಕೂಡಿಸಿ ಬೆಸೆದು, ಒಂದು ವರ್ಷ ನಕ್ಷತ್ರ, ಇನ್ನೊಂದು ವರ್ಷ ಗಂಟೆಗೋಪುರ, ಮತ್ತೊಂದು ವರ್ಷ ಕೊರಳು ತಿರುಗಿಸುವ ಒಂಟೆ ಮಾಡಿ ಅದಕ್ಕೆ ದೀಪ ಸುತ್ತುತ್ತಿದ್ದರು. ಪ್ರತಿ ವರ್ಷವೂ ಜಗಳ ಮಾತ್ರ ಒಂದೇ.

“ಮಿಣುಕಸಬ್ಯಾಡ್ರಿ! ಫೋಟೋ ಕೆಡತದ.”

“ಮಿಣುಕದಿದ್ರ ಅದು ಲೈಟಿಂಗ್ ಅಲ್ರಿ ವೈನಿ, ಬರೇ ಬಲ್ಬು!”

“ಎರಡ ಮಿನಿಟ್ ಸುಮ್ಮ ಹತ್ತಸ್ರಿ ಅಂದೀನಿ. ಆಮ್ಯಾಲ ಹಬ್ಬ ಮುಗಿಯೂತನಾ ಮಿಣುಕಸ್ರಿ, ಯಾರು ಬ್ಯಾಡಂತಾರ?”

ಒಳಗಿನಿಂದ ಮಿಸ್ತ್ರಿಯ ಹೆಂಡತಿ ಕೇಕು ತಂದಿಡುತ್ತಿದ್ದರು. ಇಬ್ಬರೂ ಕೇಕು ತಿನ್ನುತ್ತಲೇ ಜಗಳ ಮುಂದುವರಿಸುತ್ತಿದ್ದರು. ಮುಂದೆ ಅತ್ತೆಯ ಪಟ್ಟಿಯಲ್ಲಿ ಎಷ್ಟೇ ಮನೆಗಳಿರಲಿ, ಕ್ರಿಸ್‌ಮಸ್ಸಿನ ಮುಂಚಿನ ಸಂಜೆ ಮಾತ್ರ ಮಿಸ್ತ್ರಿಯ ಮನೆಗೇ ಮೀಸಲಾಯಿತು.

ಹೋದ ಡಿಸೆಂಬರಿನಲ್ಲೂ ಹೋದೆವು. ಓಣಿಯ ಬಾಯಲ್ಲಿ ಇಳಿದಾಗ ಹೊತ್ತು ಆಗಷ್ಟೇ ಮುಳುಗಿತ್ತು. ಎಲ್ಲರ ಮನೆಯಲ್ಲೂ ದೀಪ ಹತ್ತಿದ್ದವು. ಮಿಸ್ತ್ರಿಯ ಮನೆ ಮಾತ್ರ ಬರಿದಾಗಿತ್ತು.

“ಊರಿಗಿ ಹೋಗ್ಯಾರೇನು?” ಎಂದಳು ಅತ್ತೆ. ಅಷ್ಟರಲ್ಲಿ ಅವರ ಹೆಂಡತಿ ಗೇಟಿಗೆ ಬಂದರು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಿಸ್ತ್ರಿ ಕುಳಿತಿದ್ದರು. ನಮ್ಮ ಹೆಜ್ಜೆಯ ಸದ್ದಿಗೆ ಮುಖವನ್ನು ನಮ್ಮ ಕಡೆ ತಿರುಗಿಸಿದರು. ಕಣ್ಣು ಮಾತ್ರ ನಮ್ಮನ್ನು ದಾಟಿ ಬೇರೆಲ್ಲೋ ನೋಡುತ್ತಿದ್ದವು.

“ಕಣ್ಣಿಗಿ ಕಾಚಬಿಂದು ಆಗೇದ ಅಂದ್ರು ಡಾಕ್ಟರು,” ಎಂದು ಹೆಂಡತಿ ಮೆಲ್ಲಗೆ ಹೇಳಿದರು. “ಒಳಗಿನ ನರ ಒಣಗ್ಯಾವಂತ. ಮಳಿಗಾಲದಾಗ ಜರಾ ಜರಾ ಕಾಣ್ತಿತ್ತು. ಈಗ ಏನೂ ಇಲ್ರಿ. ಲೈಟಿಂಗ್ ಬ್ಯಾಡ ಅಂದಾರ. ನನಗ ಕಾಣಂಗಿಲ್ಲ, ಯಾರ ಸಲುವಾಗಿ ಹಚ್ಚೋದು ಅಂತಾರ.”

ಅತ್ತೆ ಆಕಾಶ ನೋಡಿದಳು. ಅದು ಆಕೆಯ ನೀಲಿಗೆ ತಿರುಗುತ್ತಿತ್ತು. ಇಪ್ಪತ್ತು ನಿಮಿಷ ಶುರುವಾಗಿದ್ದವು. ಎದುರು ಮನೆಯವರು ಆ ವರ್ಷ ಮಾಳಿಗೆಯ ತುಂಬ ದೀಪ ಹರಡಿದ್ದರು. ನಾನು ಅಭ್ಯಾಸಬಲದಿಂದ ಕ್ಯಾಮೆರಾ ಚೀಲದ ಜಿಪ್ಪಿಗೆ ಕೈಹಾಕಿದೆ.

“ಅದನ್ನ ಹಾಂಗ ಇಡು,” ಎಂದಳು ಅತ್ತೆ. ಆಮೇಲೆ ಅಂಗಳಕ್ಕೆ ಕೇಳುವಂತೆ ಗಟ್ಟಿಯಾಗಿ, “ಮಿಸ್ತ್ರಿ, ನಿಚ್ಚಣಿಕಿ ಎಲ್ಲಿ ಇಟ್ಟೀರಿ? ಯಾರ ಸಲುವಾಗಿ ಅಂತ ಕೇಳ್ತೀರಂತಲ್ಲ? ನೋಡಾಕ ನನಗ ಕಣ್ಣಿಲ್ಲೇನು?” ಎಂದಳು.

ಮಿಸ್ತ್ರಿ ತಡವರಿಸಿದರು. “ಬ್ಯಾಡ್ರಿ ವೈನಿ... ಈ ಸಲದ್ದು ಪುರಾ ಆಗಿಲ್ಲ. ಗ್ವಾಡಿ ಬಾಜೂಕ, ತಾಡಪತ್ರಿ ಕೆಳಗ ಅದ.”

ತಾಡಪತ್ರಿ ಎತ್ತಿದೆವು. ಕೆಳಗೆ ಒಂದು ಚಕ್ಕಡಿ ಇತ್ತು. ನಿಜವಾದದ್ದಲ್ಲ. ಸಲಾಕೆ ಬಾಗಿಸಿ ಮಾಡಿದ ಆಳೆತ್ತರದ ಚಕ್ಕಡಿ. ಉದ್ದ ಕೊಂಬಿನ ಎರಡು ಎತ್ತು. ಮೇಲೆ ಪಟಕಾ ಸುತ್ತಿದ ಸಾಂತಾಕ್ಲಾಸ್, ಕೈಯಲ್ಲಿ ಬಾರುಕೋಲು! ಗಾಲಿ ತಿರುಗಿದಂತೆ ಕಾಣುವ ಹಾಗೆ ದೀಪಗಳು ಒಂದಾದ ಮೇಲೊಂದು ಹತ್ತಬೇಕು, ಅದಕ್ಕೊಂದು ಸಣ್ಣ ಡಬ್ಬಿ ಜೋಡಿಸಿದ್ದೇನೆ ಎಂದು ಮಿಸ್ತ್ರಿ ಹೇಳಿದರು. “ಹಿಮದಾಗಿನ ಗಾಡಿ ನಮ್ಮ ಕಡೆ ಹ್ಯಾಂಗ ಬರ್ಬೇಕ್ರಿ? ಅದಕ್ಕ ಚಕ್ಕಡಿ ಮಾಡಿದೆ. ಎಡಗಡಿ ಎತ್ತು ಕಾಣೂವಾಗ ಮಾಡೀನಿ. ಬಲಗಡಿದು ಮುಟ್ಟಿ ಮುಟ್ಟಿ.”

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅತ್ತೆ ನಿಚ್ಚಣಿಕೆ ಏರಿದಳು. ನಾನು ಕೆಳಗೆ ಹಿಡಿದೆ. ಮಿಸ್ತ್ರಿಯ ಹೆಂಡತಿ ಮಾಲೆಗಳ ಗಂಟು ಬಿಡಿಸಿದರು. ಕುರ್ಚಿಯಿಂದ ಆಜ್ಞೆಗಳು ಬರುತ್ತಿದ್ದವು.

“ಕೆಂಪು ವೈರ್ ಮ್ಯಾಲ, ಹಸರು ಕೆಳಗ್ರಿ!”

“ನಿಮ್ಮ ಕೆಂಪೂ ಕರ್ರಗಾಗೇದ, ಹಸರೂ ಕರ್ರಗಾಗೇದ. ಸುಮ್ಮ ಕೂಡ್ರಿ!”

“ಬಿದ್ದಗಿದ್ದೀರಿ ವೈನಿ!”

“ಬಿದ್ರ ನಿಮ್ಮ ಮ್ಯಾಲೇ ಬೀಳ್ತೀನಿ. ಅಂಜಬ್ಯಾಡ್ರಿ!”

ಮಿಸ್ತ್ರಿ ನಕ್ಕರು. ಅವರ ಹೆಂಡತಿ ಗಂಟು ಬಿಡಿಸುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತೆಂದು ಆ ನೋಟದಿಂದಲೇ ತಿಳಿಯಿತು.

ನಾವು ಮುಗಿಸುವಷ್ಟರಲ್ಲಿ ಆಕಾಶದ ನೀಲಿ ಹೋಗಿ ಕತ್ತಲಾಗಿತ್ತು. ಅತ್ತೆ ಅದನ್ನು ಗಮನಿಸಲೂ ಇಲ್ಲ. ಸ್ವಿಚ್ ಒತ್ತಿದಳು.

ಎಡಗಡೆಯ ಎತ್ತು ಬೆಳಗಿತು. ಬಲಗಡೆಯದು ಹತ್ತಲಿಲ್ಲ. ಸಾಂತಾಕ್ಲಾಸನ ಪಟಕಾ ಹತ್ತಿತು, ಮುಖ ಹತ್ತಲಿಲ್ಲ. ಗಾಲಿಯ ದೀಪಗಳೆಲ್ಲ ಒಮ್ಮೆಲೇ ಹೊತ್ತಿ ಹಾಗೇ ನಿಂತುಬಿಟ್ಟವು. ಅತ್ತೆ ಡಬ್ಬಿಯನ್ನು ಎರಡು ಸಲ ಬಡಿದಳು. ಏನೂ ಆಗಲಿಲ್ಲ.

“ಹತ್ತಿತೇನ್ರಿ?” ಎಂದು ಮಿಸ್ತ್ರಿ ಕೇಳಿದರು.

“ಹತ್ತಿತ್ರಿ.”

“ಎತ್ತು ಎರಡೂ?”

ಅತ್ತೆ ಒಮ್ಮೆ ಅವರ ಹೆಂಡತಿಯ ಕಡೆ ನೋಡಿದಳು. “ಎರಡೂ ಹತ್ಯಾವ್ರಿ. ಬಲಗಡಿದು ಜರಾ ಹೆಚ್ಚೇ ಹೊಳ್ಯಾಕತ್ತದ.”

ಮಿಸ್ತ್ರಿ ಎರಡೂ ಅಂಗೈಗಳನ್ನು ಮೊಣಕಾಲಿಗೆ ಒರೆಸಿಕೊಂಡರು. “ಗಾಲಿ? ಗಾಲಿ ತಿರಗಾಕತ್ತದೇನ್ರಿ?”

“ತಿರಗಾಕತ್ತದ.”

“ಯಾ ಕಡಿಗಿ?”

ಅತ್ತೆ ಇನ್ನೊಂದು ಕುರ್ಚಿ ಎಳೆದುಕೊಂಡು ಅವರ ಪಕ್ಕಕ್ಕೆ ಕುಳಿತಳು.

“ಈ ಕಡಿಗ್ರಿ, ಮಿಸ್ತ್ರಿ. ಗಾಡಿ ನಮ್ಮ ಕಡಿಗೇ ಬರಾಕತ್ತದ.”

“ಹೌದಾ?” ಎಂದ ಮಿಸ್ತ್ರಿ, ಎರಡೂ ಕೈಯಿಂದ ಕುರ್ಚಿ ಹಿಡಿದು, ಗಾಡಿಗೆ ದಾರಿ ಬಿಡಲೆಂದು ಒಂದು ಮೊಳ ಹಿಂದೆ ಸರಿದರು.

ಅತ್ತೆಯೂ ತನ್ನ ಕುರ್ಚಿಯನ್ನು ಅಷ್ಟೇ ಹಿಂದೆ ಸರಿಸಿಕೊಂಡಳು.