ಸರದಾರನಿಗೆ ನಲವತ್ತು ಮತ

ಕುಕನೂರಿನ ಅಂದಪ್ಪನ ಮನೆಯ ವೈಫೈನಲ್ಲಿ ಆ ಶನಿವಾರ ಎಲ್ಲವೂ ಬರುತ್ತಿತ್ತು, ಬೇಕಾದ್ದೊಂದನ್ನು ಬಿಟ್ಟು. ಹಾಡು ಬರುತ್ತಿತ್ತು, ಸಿನಿಮಾ ಬರುತ್ತಿತ್ತು, ಲಖನೌದಲ್ಲಿ ಯಾವನೋ ಬದನೆಕಾಯಿ ಹುರಿಯುವುದೂ ಬರುತ್ತಿತ್ತು. 'ಜಾನುವಾರು ಜಗತ್ತು' ಎಂಬ ವೆಬ್‌ಸೈಟು ಮಾತ್ರ ಏನು ಮಾಡಿದರೂ ತೆರೆಯಲೊಲ್ಲದು.

ಅಂದಪ್ಪನ ಮಾನವೆಲ್ಲ ಅದರಲ್ಲೇ ಇತ್ತು. ಆ ವೆಬ್‌ಸೈಟಿನವರು ಜಿಲ್ಲೆಯ ಶ್ರೇಷ್ಠ ಟಗರನ್ನು ಜನರ ಮತದಿಂದ ಆರಿಸುತ್ತಿದ್ದರು. ಅಂತಿಮ ಸುತ್ತಿಗೆ ಉಳಿದದ್ದು ಎರಡು: ಅಂದಪ್ಪನ ಸರದಾರ, ಮತ್ತು ತಳಕಲ್ಲಿನ ದೇವೇಂದ್ರಪ್ಪನ ಹುಲಿಯ. ಅವತ್ತೊಂದೇ ದಿನ, ಸಂಜೆ ಐದರವರೆಗೆ ಮತದಾನ. ಸ್ಪರ್ಧೆಗೆ ಹೆಸರು ಕೊಡುವಾಗ ಬಂದ ನಿಯಮಗಳ ಪಟ್ಟಿ ಹೊಲದ ಖರೀದಿಪತ್ರದಷ್ಟು ಉದ್ದವಿತ್ತು. ಅಂದಪ್ಪ ಅದನ್ನು ಬೆರಳಿನಿಂದ ಸರ್ರನೆ ಮೇಲಕ್ಕೆ ತಳ್ಳಿದ್ದ.

ಹಗ್ಗ, ಕಣ್ಣಿ, ಗೆಜ್ಜೆಸರ ಮಾರುವ ಅಂಗಡಿಯವನಾದ ಅಂದಪ್ಪ ಸರದಾರನನ್ನು ಹುರುಳಿ ಹಾಕಿ, ದಿನಾ ಮೈ ತಿಕ್ಕಿ ಬೆಳೆಸಿದ್ದ. ಸಂಜೆ ಅದನ್ನು ಹಿಡಿದುಕೊಂಡು ಬಜಾರದಲ್ಲಿ ಹೊರಟರೆ ಜನ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದರು. ನಮಸ್ಕಾರ ಟಗರಿಗೋ ತನಗೋ ಎಂದು ಅವನು ಎಂದೂ ವಿಚಾರಿಸಲಿಲ್ಲ. ಇಬ್ಬರ ಪರವಾಗಿಯೂ ತಾನೇ ಸ್ವೀಕರಿಸಿಬಿಡುತ್ತಿದ್ದ.

ಅವನ ಅಭಿಮಾನಕ್ಕೆ ಸರಿಸಮ ಅಂತ ಊರಲ್ಲಿ ಇದ್ದದ್ದು ಒಂದೇ, ಅವನ ಹೆಂಡತಿ ಶೇಖರಮ್ಮನ ತವರಿನ ಅಭಿಮಾನ. ಆಕೆಯ ತವರು ಅದೇ ತಳಕಲ್. ನೀರು ತಳಕಲ್ಲಿನದೇ ಸಿಹಿ, ಜೋಳ ತಳಕಲ್ಲಿನದೇ ಬಿಳಿ. ದೇವೇಂದ್ರಪ್ಪನಂತೂ ಆಕೆಯ ಚಿಕ್ಕಪ್ಪನ ಮಗ. ಮದುವೆಯಾಗಿ ಮೂವತ್ತು ವರ್ಷವಾದರೂ ಕುಕನೂರಿನ ಒಂದು ಬಾವಿಯನ್ನೂ ಆಕೆ ಒಳ್ಳೆಯದೆಂದು ಒಪ್ಪಿರಲಿಲ್ಲ.

ಅಂದಪ್ಪ ಓಣಿಯ ನಲವತ್ತು ಮಂದಿಗೆ ಮೂರು ಗಂಟೆಗೆ ಮನೆಗೆ ಬರಲು ಹೇಳಿದ್ದ. ಮಿರ್ಚಿ ಮಂಡಕ್ಕಿ ತಿನ್ನುವುದು, ಅವನ ವೈಫೈನಲ್ಲಿ ಸರದಾರನಿಗೆ ಮತ ಒತ್ತುವುದು. ಮೊದಲ ಮತ ತಾನೇ ಎಲ್ಲರ ಎದುರು ಒತ್ತಬೇಕೆಂದು ಬೆಳಗಿನಿಂದ ಬೆರಳನ್ನು ಕಾದಿಟ್ಟುಕೊಂಡಿದ್ದ. ಇನ್ನೊಂದು ಗುಟ್ಟಿನ ಏರ್ಪಾಡೂ ಇತ್ತು. ಒಂದು ಜರಿ ಶಾಲು ತಂದು ಗೆಳೆಯ ಹುಲಗಪ್ಪನ ಕೈಗೆ ಕೊಟ್ಟು, "ಗೆದ್ದ ಮ್ಯಾಲೆ ನೀನ ತಂದಾಂವನಂಗ ನನಗ ಹೊದಸು" ಎಂದಿದ್ದ.

ಸೊಸೆ ಸುರೇಖಾ ತನ್ನ ಫೋನು ತೋರಿಸಿದಳು. "ಮಾವಾರ, ನನ್ನ ಮೊಬೈಲ್ ನೆಟ್ಟಿನಾಗ ತೆರದೈತಿ ನೋಡ್ರಿ. ನಾ ಓಟ ಹಾಕೂದೂ ಹಾಕೀನಿ. ಎಲ್ಲಾರೂ ತಮ್ಮ ತಮ್ಮ ನೆಟ್ಟಿನಾಗ ಹಾಕ್ಲಿ, ಮುಗದ ಹೋತು."

"ಊಟಕ್ಕ ಕರದು, ರೊಟ್ಟಿ ನಿಮ್ಮ ಮನಿಂದ ಕಟಗೊಂಡ ಬರ್ರಿ ಅಂದಂಗ ಆತು" ಎಂದ ಅಂದಪ್ಪ. "ಅಂದಪ್ಪನ ಮನ್ಯಾಗ ಅಂದಪ್ಪನ ನೆಟ್ಟ."

ಲೈನು ಹಾಕಿಕೊಟ್ಟ ಉಮರಸಾಬನಿಗೆ ಫೋನು ಹೋಯಿತು. ಅವನು ಯಲಬುರ್ಗಾದಲ್ಲಿ ಒಂದು ಕಂಬದ ಮೇಲಿದ್ದ. ಅಲ್ಲಿಂದಲೇ ರೋಗ ಹೇಳಿದ.

"ಯಜಮಾನ್ರ, ಆ ವೆಬ್‌ಸೈಟಿನಾವ್ರು ನಿನ್ನೆ ಮನಿ ಬದಲ್ಸ್ಯಾರ. ಹೆಸರು ಅದ ಐತಿ, ವಿಳಾಸ ಬ್ಯಾರೆ ಆಗೈತಿ. ನಿಮ್ಮ ರೂಟರು ಒಬ್ಬಾಂವಗ ದಾರಿ ಕೇಳ್ತೈತಿ. ಅವಗಿನ್ನೂ ಸುದ್ದಿ ಮುಟ್ಟಿಲ್ಲ, ಹಳೆ ಮನಿ ಬಾಗ್ಲಾ ಬಡಿಯಾಕ ಕಳಸಾಕತ್ಯಾನ. ದಾರಿ ಹೇಳಾಂವನ್ನ ಬದಲ್ ಮಾಡ್ರಿ. ಸುರೇಖಕ್ಕಗ ರೂಟರಿನ ಪುಟ ತೆಗಿಯಾಕ ಬರ್ತೈತಿ. ಅದರಾಗ ಡಿಎನ್‌ಎಸ್ ಅಂತ ಒಂದ ಖಾನೆ ಐತಿ. ನಾಕ ಎಂಟು ಬರೀರಿ, ನಡುನಡುವ ಚುಕ್ಕಿ."

"ಬರೇ ನಾಕ ಎಂಟು?"

"ಬರೇ ನಾಕ ಎಂಟು. ಮತ್ತೇನೂ ಮುಟ್ಟಬ್ಯಾಡ್ರಿ."

ಸುರೇಖಾ ಬರೆಯಲು ಹೊರಟಳು. ಅಷ್ಟರಲ್ಲಿ ಪಕ್ಕದ ಮನೆಯ ಪ್ರಭುರಾಜ ಅಡ್ಡ ಬಂದ. ಅವನಿಗೆ ಸಂಖ್ಯಾಶಾಸ್ತ್ರದ ಹುಚ್ಚು. ತನ್ನ ಗಾಡಿಯ ನಂಬರು ಕೂಡಿಸಿದರೆ ಆರು ಬರುವುದಿಲ್ಲವೆಂದು ಎರಡು ಗಾಡಿ ಮಾರಿದ್ದವನು.

"ಎಂಟು ಶನಿ ಸಂಖ್ಯೆ" ಎಂದ ಅವನು. "ಇವತ್ತ ಶನಿವಾರ. ಶನಿವಾರ ದಿನ ಶನಿನ್ನ ನಾಕ ಸಲ ಕೂಗಿ ಮನಿಗಿ ಕರೀತೀರೇನು? ಐದು ಬರೀರಿ. ಐದು ಬುಧ. ನಿಮ್ಮ ಹಗ್ಗದ ವ್ಯಾಪಾರಕ್ಕೂ ಛಲೋ."

ಶನಿ ಎಂದ ಕೂಡಲೇ ಅಂದಪ್ಪ ಸೊಸೆಯ ಕೈ ತಡೆದ. ಸೊಸೆ ಬೇಡವೆಂದರೂ ಕೇಳದೆ ನಾಲ್ಕು ಐದು ಬರೆಸಿದ. ಬರೆದು ಮುಗಿಸಿದ್ದೇ ತಡ, ಲಖನೌದ ಬದನೆಕಾಯಿಯೂ ನಿಂತುಹೋಯಿತು.

ಈಗ ಹುಲಗಪ್ಪ ಮುಂದೆ ಬಂದ. ಅವನು ಬೋರ್‌ವೆಲ್ಲಿನ ಮೋಟಾರು ರಿಪೇರಿ ಮಾಡುವವನು. ಹಟ ಹಿಡಿದ ಯಂತ್ರಕ್ಕೆಲ್ಲ ಅವನ ಔಷಧಿ ಒಂದೇ, ಮೊದಲಿನಿಂದ ಶುರು ಮಾಡಿಸುವುದು. ಶೇಖರಮ್ಮನ ಬಳೆಗೆ ಸಿಕ್ಕಿಸಿದ್ದ ಪಿನ್ನು ಇಸಿದುಕೊಂಡು, ರೂಟರಿನ ಬೆನ್ನಿಗಿದ್ದ ಸಣ್ಣ ತೂತಿನಲ್ಲಿ ಚುಚ್ಚಿ, ಹತ್ತು ಎಣಿಸಿದ.

"ಹಳೇದೆಲ್ಲಾ ಮರೀತೈತಿ ನೋಡ್ರಿ ಈಗ" ಎಂದ.

ನಿಜವಾಗಿಯೂ ಮರೆಯಿತು. ಐದನ್ನಷ್ಟೇ ಅಲ್ಲ, ವೈಫೈನ ಹೆಸರು, ಪಾಸ್‌ವರ್ಡು, ಲೈನಿನ ಗುರುತು, ಎಲ್ಲವನ್ನೂ ಮರೆತು ಅಂಗಡಿಯಿಂದ ಆಗಷ್ಟೇ ತಂದದ್ದರಂತೆ ಕೂತಿತು. ಲೈನಿನ ಗುರುತು ಬಲ್ಲವನು ಜಗತ್ತಿನಲ್ಲಿ ಉಮರಸಾಬ ಒಬ್ಬನೇ. ಕಂಬ ಇಳಿದು ಓಡಿ ಬಾ ಎಂದು ಅಂದಪ್ಪ ಅವನಿಗೆ ಮತ್ತೆ ಫೋನು ಮಾಡಿ ಅಂಗಲಾಚಿದ.

ಮೂರಕ್ಕೆ ನಲವತ್ತು ಮಂದಿ ಬಂದರು. ಮೂರೂವರೆಗೆ ಮಿರ್ಚಿ ಮುಗಿದವು. ನಾಲ್ಕಕ್ಕೆ ಜನ ಒಬ್ಬೊಬ್ಬರೇ ಚಪ್ಪಲಿ ಹುಡುಕತೊಡಗಿದಾಗ ಅಂದಪ್ಪ ಇನ್ನೊಂದು ಬುಟ್ಟಿ ಮಿರ್ಚಿ ತರಿಸಿದ. ಅಂಗಳದಲ್ಲಿ ಕಟ್ಟಿದ್ದ ಸರದಾರ ತನ್ನ ಕೊರಳಿನ ಚೆಂಡುಹೂವಿನ ಮಾಲೆಯನ್ನು ಒಂದು ಕಡೆಯಿಂದ ತಿನ್ನುತ್ತ ಬಂದಿತ್ತು.

ನಾಲ್ಕೂವರೆಗೆ ಸುರೇಖಾ ಓದಿ ಹೇಳಿದಳು: "ಸರದಾರಗ ಮುನ್ನೂರಾ ಹದಿನೆಂಟು, ಹುಲಿಯಗ ಮುನ್ನೂರಾ ಹದಿನೆಂಟು. ಇನ್ನ ಐದರ ತನಕಾ ಲೆಕ್ಕಾ ತೋರಸೂದಿಲ್ಲಂತ."

ಸಮ ಸಮ. ಅಂದಪ್ಪನ ಮುಖ ಅರಳಿತು. "ಇಲ್ಲಿ ನಲವತ್ತ ಓಟ ಕುಂತಾವ. ಉಮರಸಾಬ ಒಬ್ಬಾಂವ ಬಂದ್ರ ಗೆದ್ದಂಗ."

ನಾಲ್ಕು ನಲವತ್ತಕ್ಕೆ ಉಮರಸಾಬನ ಬೈಕು ಬಂತು. ರೂಟರು ನೋಡಿ, "ಯಾರ್ ಚುಚ್ಚಿದ್ರಿ ಇದಕ್ಕ?" ಎಂದ. ಎಲ್ಲರೂ ಅಂಗಳದಲ್ಲಿದ್ದ ಸರದಾರನ ಕಡೆ ನೋಡಿದರು.

ಅವನು ಮತ್ತೆ ಕೇಳದೆ ಕೆಲಸಕ್ಕೆ ಕೂತ. ಲೈನು ಜೋಡಿಸಿದ, ಹಳೆಯ ಹೆಸರು, ಪಾಸ್‌ವರ್ಡು ಕೊಟ್ಟ, ಕೊನೆಗೆ ನಾಲ್ಕು ಎಂಟು ಬರೆದ. ಪ್ರಭುರಾಜ ಗೋಡೆಯ ಕಡೆ ತಿರುಗಿ ಕೈಮುಗಿದ. ಅಂದಪ್ಪ ಅಂಗಳಕ್ಕೆ ಓಡಿ, ಫೋಟೋಕ್ಕೆ ಬೇಕೆಂದು ಸರದಾರನ ಬಾಯಿಂದ ಉಳಿದ ಮಾಲೆ ಎಳೆಯುತ್ತಿದ್ದ. ಒಳಗೆ ಶೇಖರಮ್ಮ ಚಹಾ ತಂದು ಉಮರಸಾಬನ ಮುಂದಿಟ್ಟಳು.

"ಅಕ್ಕಾರ, ನಿಮ್ಮ ಫೋನಿನಾಗ ತೆರೀತೈತಾ ನೋಡ್ರಿ. ಗುಂಡಿ ಕೆಲಸ ಮಾಡ್ತೈತಾ ಒಂದ ಸಲ ಒತ್ರಿ" ಎಂದ ಅವನು.

ಶೇಖರಮ್ಮ ಒತ್ತಿದಳು. ಜೋಡಿಸಿದ ಎರಡು ಕೈಗಳ ಚಿತ್ರ, ಕೆಳಗೆ 'ಧನ್ಯವಾದ' ಎಂದು ಬಂತು.

"ಬಂತು ನೋಡ್ರಿ" ಎಂದು ಉಮರಸಾಬ ಕೂಗಿದ.

ಅಂದಪ್ಪ ಒಳಗೆ ಬಂದು, ಗಂಟಲು ಸರಿಮಾಡಿಕೊಂಡು, ಎಲ್ಲರ ಎದುರು ತನ್ನ ಬೆರಳು ಒತ್ತಿದ. ಧನ್ಯವಾದ. ಹಿಂದೆಯೇ ನಲವತ್ತು ಫೋನುಗಳಲ್ಲಿ ನಲವತ್ತು ಧನ್ಯವಾದ ಬಂದವು. ಆ ಗಳಿಗೆಯಲ್ಲಿ ಅಂದಪ್ಪನಿಗೆ ತನ್ನ ಮನೆ, ತನ್ನ ಓಣಿ, ಗೋಡೆಯ ಗೂಡಿನಲ್ಲಿ ಹಸಿರು ದೀಪ ಮಿಣುಕಿಸುತ್ತಿದ್ದ ತನ್ನ ರೂಟರು, ಎಲ್ಲದರ ಮೇಲೂ ಹೆಮ್ಮೆ ಉಕ್ಕಿ ಕಣ್ಣು ತೇವವಾಯಿತು. ಹುಲಗಪ್ಪನ ಗಡಿಯಾರ ಎರಡು ನಿಮಿಷ ಮುಂದಿತ್ತು. ಐದಾಯಿತೆಂದು ಅವನು ಶಾಲು ಬಿಡಿಸಿ ಹೊದಿಸಿಯೇ ಬಿಟ್ಟ. ಜನ ಚಪ್ಪಾಳೆ ತಟ್ಟಿದರು.

ಐದಕ್ಕೆ ಸುರೇಖಾ ಫಲಿತಾಂಶ ಓದಿದಳು. "ಹುಲಿಯಗ ಮುನ್ನೂರಾ ಹತ್ತೊಂಬತ್ತು. ಸರದಾರಗ ಮುನ್ನೂರಾ ಹದಿನೆಂಟು."

ಸುರೇಖಾ ಪುಟವನ್ನು ಕೆಳಗೆ ಸರಿಸಿ, ಮಾವ ಮೇಲಕ್ಕೆ ತಳ್ಳಿದ್ದ ನಿಯಮಗಳನ್ನು ಹುಡುಕಿದಳು. "ಇಲ್ಲೈತಿ ನೋಡ್ರಿ ಮಾವಾರ, ಹನ್ನೊಂದನೇದು. ಒಂದ ಮನಿ ವೈಫೈನಿಂದ ಎಷ್ಟ ಮಂದಿ ಹಾಕಿದ್ರೂ ಮೊದಲನೇ ಓಟ ಅಷ್ಟ ಎಣಸ್ತಾರಂತ. ತಮ್ಮ ತಮ್ಮ ನೆಟ್ಟಿನಾಗ ಹಾಕಿದ್ರ ನಲವತ್ತೂ ಬರ್ತಿದ್ದುವು."

ಅಂದಪ್ಪ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡ. "ಆತು, ಒಂದ ಆಗಲಿ. ಆ ಒಂದಾದ್ರೂ ನಮಗ ಕೂಡಬೇಕಿತ್ತಲ್ಲ. ತಳಕಲ್ಲಿಗ್ಯಾಕ ಹೋತು?"

ಉಮರಸಾಬ ತನ್ನ ಚೀಲ ಕಟ್ಟಿಕೊಳ್ಳತೊಡಗಿದ. ಶೇಖರಮ್ಮ ಚಹಾದ ಕಪ್ಪುಗಳನ್ನು ಜೋಡಿಸುತ್ತಲೇ ಹೇಳಿದಳು:

"ಹಂಗ್ಯಾಕ ನೋಡ್ತೀರಿ? ಒತ್ತಿ ನೋಡ್ರಿ ಅಂದ, ಒತ್ತಿದೆ. ನಲವತ್ತ ಮಂದಿ ನಿಮ್ಮ ಟಗರಿಗಿ ಹಾಕಾಕ ಕುಂತಿದ್ರು. ನಮ್ಮ ತವರುಮನಿಗಿ ನಂದೊಂದರ ಇರಲಿ ಅಂದ್ಕೊಂಡೆ."

ಆಕೆಯ ಮುಖದಲ್ಲಿ ಅಳುಕು ಲವಲೇಶವೂ ಇರಲಿಲ್ಲ. ಶಾಲೆಯಲ್ಲಿ ಬಹುಮಾನ ತಂದ ಹುಡುಗಿಯಂತೆ ಹೊಳೆಯುತ್ತಿತ್ತು.

ಅಂದಪ್ಪ ಬಾಯಿ ತೆರೆಯುವುದರೊಳಗೆ ಅವನ ಫೋನು ಬಡಿದುಕೊಂಡಿತು. ದೇವೇಂದ್ರಪ್ಪ.

"ಮಾವಾರ, ಒಂದ ಓಟಿನಾಗ ಗೆದ್ವಿ ನೋಡ್ರಿ. ಯಾರ್ ಹಾಕ್ಯಾರೋ, ಅವರ ಹೊಟ್ಟಿ ತಣ್ಣಗಿರಲಿ. ನಾಳೆ ನಮ್ಮ ಮನಿ ಮುಂದ ಸತ್ಕಾರ ಇಟ್ಕೊಂಡೀವಿ. ನೀವೂ ಅಕ್ಕಾರೂ ಬರಲೇಬೇಕ್ರಿ."

ನಲವತ್ತು ಮಂದಿ ಕೇಳುತ್ತಿದ್ದರು. "ಬರ್ತೀವಪಾ, ಯಾಕ ಬರೂದಿಲ್ಲ" ಎಂದ ಅಂದಪ್ಪ.

ಶೇಖರಮ್ಮ ಬಂದು ಅವನ ಹೆಗಲ ಮೇಲಿನ ಶಾಲನ್ನು ತೆಗೆದಳು. ಮಂಡಕ್ಕಿಯ ಚೂರು ಝಾಡಿಸಿ, ಹಳೆಯ ಮಡಿಕೆಯ ಗೆರೆಗೇ ಸರಿಯಾಗಿ ಮಡಿಚಿದಳು.

"ಖಾಲಿ ಕೈಲೆ ಹೆಂಗ ಹೋಗೂದು? ಇದು ಇನ್ನೂ ಹೊಸಾದ ಐತಿ. ನಾಳೆ ನಿಮ್ಮ ಕೈಲೇನ ಅವಗ ಹೊದಸ್ರಿ" ಎಂದಳು.