ಹೆಬ್ಬಾಳದಲ್ಲಿ ಇಪ್ಪತ್ತೆರಡು ನಿಮಿಷ

ಬೆಂಗಳೂರಿನಲ್ಲಿ ಟ್ರಾಫಿಕ್ ಜಾಮ್ ಆಗಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದ ಏಕೈಕ ಪ್ರಾಣಿ ನಮ್ಮ ಅಕ್ಕ. ನಗಬೇಡಿ! ಯಲಹಂಕದಲ್ಲಿ ಮನೆ, ಗೊರಗುಂಟೆಪಾಳ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಕೆಲಸ, ತಲೆಯ ತುಂಬ ಸಿ.ಎ. ಫೈನಲ್ ಪರೀಕ್ಷೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಫ್ಯಾಕ್ಟರಿಯಲ್ಲಿ ದುಡಿಯುವವಳು ಓದುವುದಾದರೂ ಎಲ್ಲಿ? ಬಸ್ಸಿನಲ್ಲಿ!

ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದಳು. ಹೊಸ ಪುಸ್ತಕ ತಂದ ದಿನವೇ ಅದರ ಬೆನ್ನನ್ನು ಈಳಿಗೆಮಣೆಯಲ್ಲಿ ಸೀಳಿ, ಬಸ್ಸು ನಿಲ್ಲುವ ಜಾಗಕ್ಕೊಂದು ಕಟ್ಟು ಮಾಡುತ್ತಿದ್ದಳು. ಕೋಡಿಗೇಹಳ್ಳಿ ಗೇಟಿಗೆ ಕಾಸ್ಟಿಂಗ್, ಹೆಬ್ಬಾಳಕ್ಕೆ ಆದಾಯ ತೆರಿಗೆ, ಭದ್ರಪ್ಪ ಲೇಔಟಿಗೆ ಕಂಪನಿ ಕಾನೂನು. ಹೆಬ್ಬಾಳದ ಕಟ್ಟು ಎಲ್ಲಕ್ಕಿಂತ ದಪ್ಪ. ಯಾಕೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕೇ? ಸರಸ್ವತಿಯನ್ನು ಹೀಗೆ ಸೊಪ್ಪಿನಂತೆ ಹೆಚ್ಚುವುದನ್ನು ನೋಡಿ ಅಮ್ಮ ಕೆನ್ನೆ ಬಡಿದುಕೊಳ್ಳುತ್ತಿದ್ದರು.

“ಇಂಗೆ ಪುಸ್ತಕ ಕೊಯ್ದ್ರೆ ವಿದ್ಯೆ ಎಂಗೆ ಅತ್ತುತ್ತೆ ನಿಂಗೆ?”

“ಇಡೀ ಪುಸ್ತಕ ಹತ್ಲಿಲ್ಲ ಅಂತಾನೇ ತುಂಡು ಮಾಡ್ತಿರೋದು, ಸುಮ್ನಿರಮ್ಮ.”

ಈ ಕಥೆಯಲ್ಲಿ ನನ್ನ ಪಾತ್ರ ಹೆಮ್ಮೆಪಡುವಂಥದ್ದಲ್ಲ. ಅಕ್ಕ, ನಾನು ಒಟ್ಟಿಗೇ ಶುರು ಮಾಡಿದವರು. ನಾನು ಎರಡು ಸಲ ಕುಳಿತೆ, ಎರಡು ಸಲವೂ ಬಿದ್ದೆ. ಎರಡನೇ ಸಲ ಬಿದ್ದ ದಿನ ಹೆಬ್ಬಾಳದಲ್ಲಿ ನಿಂತ ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದಲ್ಲೇ ಇದ್ದ ಅಕ್ಕ, ಅವಳೂ ಅವತ್ತೇ ಬಿದ್ದವಳು, ತಲೆಯೆತ್ತದೆ ಆದಾಯ ತೆರಿಗೆಯ ಪುಟ ತಿರುವುತ್ತಿದ್ದಳು! ಕಲ್ಲಿಗಾದರೂ ಕರುಣೆ ಇರುತ್ತದೆ. ಅಂದೇ ನಾನು ಓದಿಗೆ ಎಳ್ಳುನೀರು ಬಿಟ್ಟೆ. ಮದುವೆಯಾಗಿ ಆರ್.ಟಿ. ನಗರಕ್ಕೆ ಬಂದೆ, ಯಲಹಂಕದ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾದೆ. ಆ ಬಸ್ಸಿನ ಕೋಪವನ್ನು ಮಾತ್ರ ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಂಡೆ.

ಅಕ್ಕ ಬಿಡಲಿಲ್ಲ. ಮೇ, ನವೆಂಬರಿನಲ್ಲಿ ಪರೀಕ್ಷೆ. ಫಲಿತಾಂಶ ಬರುವ ಜುಲೈ, ಜನವರಿಯಲ್ಲಿ ತವರಿನಲ್ಲಿ ತಿಥಿಯ ಮನೆಯ ಮೌನ. ನೆಂಟರಿಗೆ ಮಾತ್ರ ಹಬ್ಬ. ಒಂದು ಗೃಹಪ್ರವೇಶದಲ್ಲಿ ಅತ್ತೆಯೊಬ್ಬರು ಹೋಳಿಗೆ ಮುರಿಯುತ್ತಾ ಕೇಳಿದರು: “ಏನಮ್ಮ, ಇನ್ನೂ ಓದ್ತಾನೇ ಇದೀಯಾ?”

“ಓದಿ ಆಯ್ತು ಅತ್ತೆ. ಅವ್ರು ಒಪ್ಕೊಳ್ಳೋದೊಂದು ಬಾಕಿ” ಎಂದಳು ಅಕ್ಕ.

ಅಷ್ಟರಲ್ಲಿ ಸರ್ಕಾರವೂ ಅವಳ ಮೇಲೆ ಹಗೆ ಸಾಧಿಸಿತು. ವಿಮಾನ ನಿಲ್ದಾಣದ ರಸ್ತೆಗೆ ಮೇಲ್ಸೇತುವೆ ಕಟ್ಟಿ ಮುಗಿಸಿತು. ಊರೆಲ್ಲ ಉಸ್ಸಪ್ಪಾ ಎಂದಿತು. ಅಕ್ಕ ಫೋನ್ ಮಾಡಿ ಗೋಳಾಡಿದಳು: “ಕೋಡಿಗೇಹಳ್ಳಿ ಗೇಟಲ್ಲಿ ಬಸ್ ನಿಲ್ತಾನೇ ಇಲ್ಲ ಕಣೇ! ನನ್ನ ಕಾಸ್ಟಿಂಗ್ ಅರ್ಧಕ್ಕೇ ನಿಂತೋಯ್ತು!” ಆ ಸಲ ಕಾಸ್ಟಿಂಗಿನಲ್ಲೇ ಹೋಯಿತು. ರಸ್ತೆ ಉದ್ಧಾರವಾಗಿ ಫೇಲಾದವರು ಪ್ರಪಂಚದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ.

ಇನ್ನು ಅವಳ ಮ್ಯಾನೇಜರ್. ಈ ಪರೀಕ್ಷೆಗೆ ಎರಡು ಗುಂಪು. ಎರಡನ್ನೂ ಒಟ್ಟಿಗೆ ಬರೆದರೆ ಒಂದರಲ್ಲಿ ಮಿಕ್ಕ ಅಂಕ ಇನ್ನೊಂದರ ಕೊರತೆಯನ್ನು ತುಂಬುತ್ತದೆ. ಬೇರೆ ಬೇರೆ ಬರೆದರೆ ಇಲ್ಲ. ಅಕ್ಕ ಎರಡು ವಾರ ರಜೆ ಕೇಳಿದಳು. “ಒಂದ್ ವಾರ ತಗೊಳ್ಳಿ ಮೇಡಂ. ಎಲ್ಲಾ ಒಂದೇ ಸಲ ಪಾಸಾಗಿ ಏನ್ ಮಾಡ್ತೀರಾ?” ಎಂದ ಮಹಾನುಭಾವ. ಅವಳು ಮೊದಲ ಗುಂಪನ್ನು ಧಾರಾಳವಾಗಿ ಗೆದ್ದಳು. ಮುಂದಿನ ಸಲ ಎರಡನೆಯದರಲ್ಲಿ ನಾಲ್ಕೇ ಅಂಕ ಕಡಿಮೆ ಬಿತ್ತು. “ಬೆಟರ್ ಲಕ್” ಎಂದು ಮುಗುಳ್ನಕ್ಕನಂತೆ. ಅವನ ನಗು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಆಮೇಲೆ ಜಿಎಸ್‌ಟಿ ಬಂತು. ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದ ಹಳೆಯ ತೆರಿಗೆ ಕಾನೂನುಗಳು ಒಂದೇ ಏಟಿಗೆ ಸತ್ತವು. ಆ ಭಾನುವಾರ ನಾನು ತವರಿಗೆ ಹೋದಾಗ ಅಕ್ಕ ಒದ್ದೆ ತಲೆಯಲ್ಲಿ ನಿಂತಿದ್ದಳು.

“ಇದೇನೇ, ಈ ಹೊತ್ತಲ್ಲಿ ತಲೆಸ್ನಾನ?”

“ಸೂತಕ. ಎಕ್ಸೈಸು, ವ್ಯಾಟು ಎಲ್ಲಾ ಒಟ್ಟಿಗೇ ಹೋದ್ವಲ್ಲ” ಎಂದು ಕೂದಲು ಝಾಡಿಸಿದಳು. ಮರುದಿನ ಈಳಿಗೆಮಣೆ ಮತ್ತೆ ಹೊರಬಂತು.

ನನಗೆ ಅವಳ ಮೇಲೆ ಕನಿಕರವಿತ್ತೇ? ಸುಳ್ಳೇಕೆ, ಹೊಟ್ಟೆಯುರಿಯಿತ್ತು. ಅವಳು ಬಿದ್ದಾಗಲೆಲ್ಲ ಬೇಸರದ ಕೆಳಗೆ ಒಂದು ಸಣ್ಣ ಸಮಾಧಾನವಿರುತ್ತಿತ್ತು. ಅವಳೂ ಬಿಟ್ಟರೆ ನಾನು ಬಿಟ್ಟದ್ದು ಸರಿ ಎಂದಾಗುತ್ತಿತ್ತಲ್ಲ!

ಮುಂದಿನ ಫಲಿತಾಂಶದ ದಿನ ಫೋನ್ ಮಾಡಿ, “ನೀನೇ ನೋಡೇ. ನನ್ನ ಕಣ್ಣಿಗೆ ಫೇಲ್ ಅಂತ ಓದೋದು ಅಭ್ಯಾಸ ಆಗ್ಬಿಟ್ಟಿದೆ” ಎಂದಳು. ನೋಡಿದೆ. ಮೂರು ಸಲ ನೋಡಿದೆ. ಪಾಸು! ಹೇಳಿದೆ. “ಸರಿ, ಇಡ್ತೀನಿ. ಬಸ್ ಹೆಬ್ಬಾಳಕ್ಕೆ ಬಂತು” ಎಂದಳು. ಓದಲು ಏನೂ ಉಳಿದಿರಲಿಲ್ಲ, ಪಾಪ!

ವಾರದ ಮೇಲೆ ನಮ್ಮ ಮನೆಗೆ ಬಂದಳು. ಸಿಹಿ ತಂದಿದ್ದಾಳೆ ಎಂದುಕೊಂಡೆ. ಚೀಲದಿಂದ ಹೊರಬಂದದ್ದು ಒಂದು ರಸೀದಿ, ನಾಲ್ಕು ಕಟ್ಟು ಕಾಗದ. ರಸೀದಿಯಲ್ಲಿ ನನ್ನ ಹೆಸರಿತ್ತು. ಪರೀಕ್ಷೆಯ ನೋಂದಣಿಯನ್ನು ಕೆಲವು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಅದು ಸಾಯುತ್ತದೆ. ನನ್ನದನ್ನು ಅವಳು ಇಷ್ಟು ವರ್ಷವೂ ಸಾಯಲು ಬಿಟ್ಟಿರಲಿಲ್ಲ.

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬೇಡ ಅಂತಿದ್ದೆ.”

ಕಟ್ಟುಗಳನ್ನು ನೋಡಿದೆ. ಹೊಸ ಪುಸ್ತಕ, ಹೊಸ ಕಾನೂನು, ಈಳಿಗೆಮಣೆಯ ಅದೇ ಸೀಳು. ಆದರೆ ಅವು ಅವಳ ದಾರಿಯವಲ್ಲ, ಆರ್.ಟಿ. ನಗರದಿಂದ ಯಲಹಂಕದ ನನ್ನ ಶಾಲೆಯವರೆಗಿನವು. ಪಾಸಾದ ಮೇಲೆ ಮ್ಯಾನೇಜರ್ ಕೇಳದೆಯೇ ಎರಡು ದಿನ ರಜೆ ಕೊಟ್ಟನಂತೆ. ಆ ಎರಡೂ ದಿನ ನನ್ನ ಬಸ್ಸು ಹೊರಟುಹೋದ ಮೇಲೆ ಅದರ ಹಿಂದೆಯೇ ಬಂದ ಬಸ್ಸು ಹತ್ತಿ, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಗಡಿಯಾರ ಹಿಡಿದು ಬರೆದುಕೊಂಡಿದ್ದಳು ಈ ಹುಚ್ಚಿ!

ದಪ್ಪನೆಯ ಕಟ್ಟಿನ ಮೇಲೆ ಅವಳ ಅಕ್ಷರ: ‘ಹೆಬ್ಬಾಳ, ಇಪ್ಪತ್ತೆರಡು ನಿಮಿಷ.’

“ಅಲ್ಲೇ ಅಲ್ವಾ ನಾನು ಅತ್ತಿದ್ದು?” ಎಂದೆ. “ನೀನು ತಿರುಗಿಯೂ ನೋಡ್ಲಿಲ್ಲ.”

ಅಕ್ಕ ಕಟ್ಟಿನ ದಾರವನ್ನು ಬಿಗಿ ಮಾಡುತ್ತಾ, ಅಂದಿನಂತೆಯೇ ತಲೆ ಎತ್ತದೆ ಹೇಳಿದಳು:

“ನೋಡಿದ್ರೆ ನಾನೂ ಬಿಟ್ಬಿಡ್ತಿದ್ದೆ ಕಣೇ.”