ನಿಜಾಮರ ಹುಟ್ಟುಹಬ್ಬಕ್ಕೆ ನನ್ನ ಏಳು ಸಲಾಮು

ಮಕ್ಕಳನ್ನು ಧರ್ಮಮಾರ್ಗದಲ್ಲಿ ಬೆಳೆಸುವುದರಲ್ಲಿ ನನ್ನನ್ನು ಮೀರಿಸುವ ಕ್ರೈಸ್ತ ತಂದೆ ಕಮಲಾಪುರದಲ್ಲಿ ಇನ್ನೊಬ್ಬನಿರಲಿಲ್ಲ. ಊರಲ್ಲಿ ಇದ್ದದ್ದೇ ಮೂರು ಕ್ರೈಸ್ತ ಮನೆ, ಆ ಮಾತು ಬೇರೆ!

ನಾನು ಅಲ್ಲಿನ ಸರಕಾರಿ ಶಾಲೆಯ ಮಾಸ್ತರ. ಆ ವರ್ಷ ನಿಜಾಮ ಪ್ರಭುಗಳ ಹುಟ್ಟುಹಬ್ಬಕ್ಕೆ ಶಾಲೆಯ ಮಕ್ಕಳೆಲ್ಲ ಕಲಬುರ್ಗಿಗೆ ಹೋಗಿ, ಪ್ರಭುಗಳ ಫೋಟೋಕ್ಕೆ ಬಗ್ಗಿ ಸಲಾಮು ಮಾಡಬೇಕೆಂದು ಹುಕುಂ ಬಂತು. ಹತ್ತು ವರ್ಷದ ನನ್ನ ಮಗಳು ರೂತಳ ಹೆಸರೂ ಪಟ್ಟಿಯಲ್ಲಿತ್ತು. ಫೋಟೋಕ್ಕೆ ಬಗ್ಗುವುದೆಂದರೆ ವಿಗ್ರಹಾರಾಧನೆಯಲ್ಲವೇ? ಮೂರು ದಿನ ಶಾಸ್ತ್ರ ತಿರುವಿಹಾಕಿದೆ. ಪಾದ್ರಿಗಳನ್ನೂ ಪೀಡಿಸಿದೆ.

"ಹಬ್ಬ ಸರಕಾರದ್ದು, ದೇವರದ್ದಲ್ಲ. ಕೂಸು ಹೋಗಿ ಜಿಲೇಬಿ ತಿಂದು ಬರ್ಲಿ ಬಿಡ್ರಿ," ಎಂದಳು ಹೆಂಡತಿ ಸಾರಮ್ಮ.

"ಜಿಲೇಬಿ ತಿನ್ಲಿ. ಬಗ್ಗಬಾರದು!" ಎಂದು ತೀರ್ಪು ಕೊಟ್ಟೆ.

"ನಿಮ್ಮ ನೌಕರಿ ಹೋದ್ರ?"

"ಹೋಗ್ಲಿ!"

ಧೈರ್ಯ ಉಕ್ಕುತ್ತಿತ್ತು. ಕಲಬುರ್ಗಿ ಇನ್ನೂ ದೂರವಿತ್ತು.

ಶಹಾಬಜಾರದ ಒಂದು ದೊಡ್ಡ ಹವೇಲಿಯಲ್ಲಿ ಸಮಾರಂಭ. ನಾನೂ ಹೊಸ ರುಮಾಲು ಸುತ್ತಿಕೊಂಡು ಮಕ್ಕಳ ಜೊತೆ ಹೋಗಿದ್ದೆ. ಮಕ್ಕಳೆಲ್ಲ ಗಾಳಿಗೆ ಬಾಗಿದ ಜೋಳದ ಹಾಗೆ ಬಗ್ಗಿದರು. ನಟ್ಟನಡುವೆ ನನ್ನ ರೂತ ಕಂಬದಂತೆ ನಿಂತಳು!

"ಯಾರ ಮಗಳಿದು?" ಎಂದರು ತಹಸೀಲ್ದಾರ ಸಾಹೇಬರು.

ನೌಕರಿ, ಮನೆ, ಸಾರಮ್ಮನ ಮುಖ ಎಲ್ಲವೂ ಕಣ್ಣ ಮುಂದೆ ಸುಳಿದವು. ಗರ್ರನೆ ತಿರುಗಿದೆ. ಗೋಡೆಯ ಮೇಲೆ ಬಂಗಾರದ ಚೌಕಟ್ಟು, ಸುತ್ತ ಹೂವಿನ ಮಾಲೆ, ಒಳಗೆ ರುಮಾಲು ಸುತ್ತಿದ ಗಂಭೀರ ಮುಖ. ಮಗಳ ಪಾಲಿನದನ್ನೂ ಸೇರಿಸಿ, ದರ್ಬಾರಿನ ಪದ್ಧತಿಯಂತೆ, ನೆಲ ಮುಟ್ಟಿ ಏಳು ಸಲಾಮು ಹೊಡೆದೆ!

ಹಿಂದೆ ಯಾರೋ ಕಿಸಕ್ಕೆಂದರು. ರೂತ ಓಡಿಬಂದು ನನ್ನ ಅಂಗಿಯ ತೋಳು ಜಗ್ಗಿದಳು.

"ಅಪ್ಪಾ, ಅದು ಕನ್ನಡಿ. ಫೋಟೋ ನಿನ್ನ ಹಿಂದ ಅದ."

ಫೋಟೋಕ್ಕೆ ಬಗ್ಗಬಾರದೆಂದು ಮೂರು ದಿನ ತಲೆ ಕೆಡಿಸಿಕೊಂಡವನು ನನ್ನ ಬಿಂಬಕ್ಕೇ ಅಡ್ಡಬಿದ್ದಿದ್ದೆ. ಅದೂ ಪ್ರಭುಗಳಿಗೆ ಬೆನ್ನು ತೋರಿಸಿ!

ತಹಸೀಲ್ದಾರರು ನಗು ತಡೆದುಕೊಂಡು ಮಗಳತ್ತ ತಿರುಗಿದರು. "ನೀ ಯಾಕ ಬಗ್ಗಲಿಲ್ಲ, ಬೇಟಿ?"

"ನಾವು ದೇವರಿಗಷ್ಟ ಬಗ್ತೀವ್ರಿ. ನಿಜಾಮ ಸಾಹೇಬ್ರು ಆರಾಮ ಇರ್ಲಿ ಅಂತ ಮುಂಜಾನಿ ಪ್ರಾರ್ಥನಾ ಮಾಡಿ ಬಂದೀನ್ರಿ."

"ಶಾಬಾಸ್! ಇಕಿಗೆ ಎರಡು ಪಾಲು ಜಿಲೇಬಿ ಕೊಡ್ರಿ," ಎಂದರು ಸಾಹೇಬರು. ಆಮೇಲೆ ನನ್ನನ್ನು ನೋಡಿ, "ಮಾಸ್ತರ್ ಸಾಬ್, ಮಗಳ ಕಡಿಂದ ಒಂದೆರಡು ಸಬಕ್ ಕಲೀರಿ," ಎಂದರು.

ನೌಕರಿ ಉಳಿಯಿತು. ಮನೆಗೆ ಬಂದು ಸಾರಮ್ಮನಿಗೆ ಏನೂ ಹೇಳಬಾರದೆಂದು ನಿಶ್ಚಯಿಸಿದ್ದೆ. ಆದರೆ ರೂತ ಗಾಡಿ ಇಳಿಯುವ ಮೊದಲೇ ಎಲ್ಲವನ್ನೂ ಅಭಿನಯಸಹಿತ ವರದಿ ಮಾಡಿದ್ದಳು. ಸಾರಮ್ಮ ನಕ್ಕು ನಕ್ಕು ಹೊಸ್ತಿಲ ಮೇಲೇ ಕುಸಿದು ಕೂತಳು.

ಮುಂದಿನ ಭಾನುವಾರ ಪಾದ್ರಿಗಳು ಬಾಲಕಿಯ ನಿಷ್ಠೆಯನ್ನು ಕೊಂಡಾಡಿ ಪ್ರಸಂಗ ಮಾಡಿದರು. ದೊಡ್ಡ ಮನಸ್ಸಿನವರು, ನನ್ನ ಹೆಸರು ಎತ್ತಲಿಲ್ಲ. "ಒಬ್ಬಾನೊಬ್ಬ ಮನುಷ್ಯನು ಕನ್ನಡಿಯ ಮುಂದೆ ನಿಂತನು," ಎಂದಷ್ಟೇ ಶುರುಮಾಡಿದರು.

ಇಡೀ ಸಭೆ ತಿರುಗಿ ನನ್ನನ್ನೇ ನೋಡಿತು!